ನಮ್ಮ ಕನ್ನಡ ಚಿತ್ರ ಕಾಸರಗೋಡಿನ ಥಿಯೇಟರಿನಲ್ಲಿ ಹಾಕಬೇಕು, ಡಿಸಿಪಿ (ಡಿಜಿಟಲ್ ಸಿನೆಮಾ ಪ್ಯಾಕೇಜ್) ಕೇಳ್ತಿದ್ದಾರೆ. ಮನೆಯಲ್ಲೇ ಮಾಡ್ಲಿಕ್ಕೆ ಆಗ್ತದಾ?

ಮುಳ್ಳೇರಿಯ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಯುವಕ ಮಂಡಲದ ಮಕ್ಕಳು 38 ನಿಮಿಷದ ಒಂದು ಕನ್ನಡ ಚಿತ್ರ ಮಾಡಿದ್ದಾರೆ. ಯಕ್ಷಗಾನ ಮೇಳದ ಕಥೆ, ರಾತ್ರಿ ಆಟದ ದೃಶ್ಯಗಳೇ ಹೆಚ್ಚು. ಭಾಗವತಿಕೆ, ಚೆಂಡೆ, ಮದ್ದಳೆ ಎಲ್ಲ ಸ್ಥಳದಲ್ಲೇ ರೆಕಾರ್ಡ್ ಆದದ್ದು. ಶೂಟಿಂಗ್ ಮಿರರ್‌ಲೆಸ್ ಕ್ಯಾಮರಾದಲ್ಲಿ, 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್). ಕೆಲವು ಶಾಟ್ ಮೊಬೈಲಿನದ್ದು. ಎಡಿಟ್ 1920×1080ರಲ್ಲಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಸ್ಕೋಪ್ (ಅಗಲ ಪರದೆ) ತರಹ ಮಾಡಿದ್ದಾರೆ. ಸೌಂಡ್ ಬರೀ ಸ್ಟೀರಿಯೊ.

ಕಾಸರಗೋಡಿನ ಒಂದು ಥಿಯೇಟರಿನವರು ಬೆಳಗ್ಗಿನ ಒಂದು ಶೋ ಕೊಡ್ಲಿಕ್ಕೆ ಒಪ್ಪಿದ್ದಾರೆ. ಪೆನ್‌ಡ್ರೈವಿನಲ್ಲಿ ಎಂಪಿ4 ತಂದರೆ ಸಾಲದು, ಡಿಸಿಪಿಯೇ ಬೇಕು ಅಂತಾರೆ. ನೋಡುವವರಲ್ಲಿ ಅರ್ಧ ಜನ ಮಲಯಾಳದವರು, ಹಾಗಾಗಿ ಮಲಯಾಳ ಸಬ್‌ಟೈಟಲ್ ಕೂಡ ಬೇಕು. ಮುಂದೆ ಶಾಲೆಗಳಲ್ಲೂ ತೋರಿಸುವ ಯೋಚನೆ ಉಂಟು. ಕೈಯಲ್ಲಿರುವುದು ಒಂದು ಸಾಧಾರಣ ಲ್ಯಾಪ್‌ಟಾಪ್. ಯಾವುದರಿಂದ ಶುರು ಮಾಡಬೇಕು? ಎಲ್ಲಿ ಎಡವುವ ಸಾಧ್ಯತೆ ಹೆಚ್ಚು?

ಬೂತ್ ಕಿಟಕಿ

ಮಾಷ್ಟ್ರೇ, ಆಗ್ತದೆ. ಆದರೆ ಕಂಪ್ಯೂಟರ್ ಮುಟ್ಟುವ ಮೊದಲು ಥಿಯೇಟರಿನ ಆಪರೇಟರ್ ಹತ್ತಿರ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಸರ್ವರ್ ಯಾವುದು, ಎಸ್‌ಎಂಪಿಟಿಇ (ಹೊಸ ಬಗೆಯ) ಡಿಸಿಪಿಯಲ್ಲಿ 25 ಫ್ರೇಮ್ ಓಡ್ತದಾ, ಡ್ರೈವ್ ಯಾವ ಫಾರ್ಮ್ಯಾಟ್ ಓದ್ತದೆ, ಸೌಂಡ್ 5.1 (ಆರು ಚಾನೆಲ್) ಉಂಟಾ. ಇದನ್ನು ಮ್ಯಾನೇಜರಲ್ಲಿ ಕೇಳಿದರೆ "ಎಲ್ಲ ಆಗ್ತದೆ" ಅಂತಾರೆ. ಪ್ರೊಜೆಕ್ಟರ್ ಬೂತಿನಲ್ಲಿ ಇರುವವರನ್ನೇ ಕೇಳಬೇಕು.

ಕೆಲವು ಹಳೆಯ ಸಿಂಗಲ್ ಸ್ಕ್ರೀನುಗಳಲ್ಲಿ ಇರುವುದು ಇ-ಸಿನೆಮಾ ಸರ್ವರ್, ಅಂದರೆ ಒಂದು ಕಂಪನಿಯ ಸ್ವಂತ ಬಗೆಯದು. ಅದಕ್ಕೆ ಡಿಸಿಪಿ ನೇರ ಹೋಗುವುದಿಲ್ಲ, ಆ ಕಂಪನಿಯ ಮಾಸ್ಟರಿಂಗ್ ಮೂಲಕವೇ ಹೋಗಬೇಕು, ಅದಕ್ಕೆ ಬೇರೆ ಖರ್ಚು, ಬೇರೆ ದಿನ. ನಿಮ್ಮವರು ಡಿಸಿಪಿ ಅಂತ ಬಾಯಿಬಿಟ್ಟು ಹೇಳಿದ್ದಾರೆ ಅಂದ ಮೇಲೆ ಆ ತೊಂದರೆ ಇರ್ಲಿಕ್ಕಿಲ್ಲ, ಆದರೂ ಕೇಳಿ.

ಡಿಸಿಪಿ ಅಂದರೆ ಒಂದು ಫೈಲ್ ಅಲ್ಲ, ಒಂದು ಫೋಲ್ಡರ್. ಒಳಗೆ ಚಿತ್ರಕ್ಕೆ ಒಂದು ಎಂಎಕ್ಸ್‌ಎಫ್, ಸೌಂಡಿಗೆ ಒಂದು ಎಂಎಕ್ಸ್‌ಎಫ್, ಅದನ್ನೆಲ್ಲ ಜೋಡಿಸುವ ನಾಲ್ಕೈದು ಎಕ್ಸ್‌ಎಂಎಲ್ ಪಟ್ಟಿ-ಫೈಲ್. ಎಂಪಿ4ನಲ್ಲಿ ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸುವ ಲೆಕ್ಕ ಉಂಟಲ್ಲ, ಅದು ಇಲ್ಲಿಲ್ಲ. ಪ್ರತಿ ಫ್ರೇಮೂ ಒಂದೊಂದು ಬಿಡಿ ಜೆಪೆಗ್ 2000 ಚಿತ್ರ, 12 ಬಿಟ್. 24 ಫ್ರೇಮಿನ ಲೆಕ್ಕದಲ್ಲಿ ನಿಮ್ಮ 38 ನಿಮಿಷಕ್ಕೆ 54,720 ಚಿತ್ರ. ಸಾಧಾರಣ ಲ್ಯಾಪ್‌ಟಾಪ್ ಸೆಕೆಂಡಿಗೆ 6 ಫ್ರೇಮ್ ಮಾಡಿದರೆ ಎರಡೂವರೆ ಗಂಟೆ. ಕೂತು ಕಾಯುವುದು ಬೇಡ, ರಾತ್ರಿ ಬಿಟ್ಟು ಮಲಗಿ.

ಸಾಫ್ಟ್‌ವೇರ್ ಡಿಸಿಪಿ-ಒ-ಮ್ಯಾಟಿಕ್. ದುಡ್ಡು ಕೊಡಬೇಕಾಗಿಲ್ಲ. ಬಿಟ್‌ರೇಟಿನ ಗರಿಷ್ಠ ಮಿತಿ ಸೆಕೆಂಡಿಗೆ 250 ಮೆಗಾಬಿಟ್. ಮೇಲಿನ ತುದಿಗೆ ಹೋಗುವ ಅಗತ್ಯ ಇಲ್ಲ, 150 ಇಡಿ. ಆಗ ನಿಮಿಷಕ್ಕೆ ಸುಮಾರು 1.1 ಜಿಬಿ, ಒಟ್ಟು 43 ಜಿಬಿ ಚಿಲ್ಲರೆ. 64 ಜಿಬಿ ಪೆನ್‌ಡ್ರೈವ್ ಸಾಕು, ಆದರೆ ಅದನ್ನು ಹಾಗೆಯೇ ಉಪಯೋಗಿಸ್ಲಿಕ್ಕೆ ಆಗುವುದಿಲ್ಲ. ಫ್ಯಾಟ್32 ಆದರೆ 4 ಜಿಬಿ ದಾಟಿದ ಫೈಲ್ ಕಾಪಿಯೇ ಆಗುವುದಿಲ್ಲ. ಎಕ್ಸ್‌ಫ್ಯಾಟ್ ಆದರೆ ಕಾಪಿ ಆಗ್ತದೆ, ಆದರೆ ಬಹಳಷ್ಟು ಸರ್ವರುಗಳಿಗೆ ಡ್ರೈವೇ ಕಾಣುವುದಿಲ್ಲ. ಎನ್‌ಟಿಎಫ್‌ಎಸ್ ಕೆಲವು ಕಡೆ ಓದ್ತದೆ. ಎಲ್ಲ ಕಡೆ ನಡೆಯುವುದು ಲಿನಕ್ಸಿನ ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3, ಎಂಬಿಆರ್ (ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ), ಒಂದೇ ಪಾರ್ಟಿಷನ್. ವಿಂಡೋಸಿನಲ್ಲಿ ಇದನ್ನು ಮಾಡುವುದು ತಲೆನೋವು, ಅದಕ್ಕೆ ಡಿಸಿಪಿ-ಒ-ಮ್ಯಾಟಿಕ್ ಜೊತೆಗೇ ಡಿಸ್ಕ್ ರೈಟರ್ ಅಂತ ಒಂದು ಬರ್ತದೆ. ಅದರಲ್ಲಿ ಬರೆಯಿರಿ. ಬರೆಯುವ ಮೊದಲು ಅದು ಇಡೀ ಡ್ರೈವನ್ನು ಅಳಿಸ್ತದೆ, ಮಕ್ಕಳ ಒರಿಜಿನಲ್ ಇರುವ ಡಿಸ್ಕನ್ನು ಸಿಕ್ಕಿಸಿಟ್ಟು ಕೂರಬೇಡಿ.

ಎನ್‌ಕ್ರಿಪ್ಷನ್, ಅಂದರೆ ಚಿತ್ರಕ್ಕೆ ಬೀಗ ಹಾಕುವುದು, ಆಫ್ ಮಾಡಿ. ದೊಡ್ಡ ಚಿತ್ರಗಳಿಗೆ ಕೆಡಿಎಂ ಅಂತ ಒಂದು ಕೀಲಿ ಫೈಲ್ ಬರ್ತದೆ. ಅದು ಒಂದು ಸರ್ವರಿನ ಸರ್ಟಿಫಿಕೇಟಿಗೆ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಅಂತ ಕಟ್ಟಿದ್ದು. ಸರ್ವರ್ ರಿಪೇರಿಗೆ ಹೋಗಿ ಬೋರ್ಡ್ ಬದಲಾದರೆ ಹಳೆಯ ಕೀಲಿ ನಡೆಯುವುದಿಲ್ಲ, ಕೀಲಿ ಮಾಡುವಾಗ ಟೈಮ್‌ಝೋನ್ ತಪ್ಪಿದರೆ ಐದೂವರೆ ಗಂಟೆ ಹಿಂದೆಮುಂದೆ ಆಗಿ ಬೆಳಗ್ಗಿನ ಶೋ ತೆರೆಯುವುದೇ ಇಲ್ಲ. ನಿಮ್ಮ ಚಿತ್ರವನ್ನು ಯಾರಾದರೂ ಕದ್ದಾರು ಅನ್ನುವ ಭಯಕ್ಕಿಂತ ಈ ಭಯ ದೊಡ್ಡದು.

ಫೋಲ್ಡರಿನ ಹೆಸರು, ಒಳಗಿನ ಟೈಟಲ್ ಎರಡೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕನ್ನಡದಲ್ಲಿ ಕೊಟ್ಟರೆ ಸರ್ವರಿನ ಪಟ್ಟಿಯಲ್ಲಿ ಬರೀ ಚೌಕ ಚೌಕ ಕಾಣ್ತದೆ, ಆಪರೇಟರಿಗೆ ಯಾವುದು ನಿಮ್ಮದು ಅಂತ ಗೊತ್ತಾಗುವುದಿಲ್ಲ. ಎಕ್ಸ್‌ಎಂಎಲ್ ತೆರೆದು ಕೈಯಲ್ಲಿ ತಿದ್ದುವ ಕೆಲಸ ಬೇಡವೇ ಬೇಡ. ಪ್ರತಿ ಫೈಲಿನ ಹ್ಯಾಶ್ (ಫೈಲ್ ಬದಲಾಗಿದೆಯಾ ಅಂತ ತಿಳಿಯುವ ಸಂಖ್ಯೆ) ಪಟ್ಟಿಯಲ್ಲಿ ಇರ್ತದೆ, ಒಂದು ಅಕ್ಷರ ಬದಲಾದರೂ ಇಂಜೆಸ್ಟ್, ಅಂದರೆ ಸರ್ವರಿಗೆ ಏರಿಸುವುದು, ಫೇಲ್.

ಪೆರ್ಲ ಟೈಮ್‌ಲೈನ್

ಬೂತ್ ಅಣ್ಣ ಹೇಳಿದ್ದು ಸರಿ. ಎಡಿಟ್ ಕಡೆಯಿಂದ ನಾನು ಹೇಳ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಕಪ್ಪು ಪಟ್ಟಿ.

1920×1080 ಒಳಗೆ ಸ್ಕೋಪ್ ಅಂದರೆ ನಿಜವಾದ ಚಿತ್ರ ಇರುವುದು 1920×804ರಲ್ಲಿ, ಮೇಲೆ 138, ಕೆಳಗೆ 138 ಸಾಲು ಸುಮ್ಮನೆ ಕಪ್ಪು. ಇದನ್ನು ಹಾಗೆಯೇ ಫ್ಲ್ಯಾಟ್ (ಸ್ಕೋಪಿಗಿಂತ ಕಡಿಮೆ ಅಗಲದ) ಡಿಸಿಪಿ ಮಾಡಿದರೆ ಚೌಕಟ್ಟು 1998×1080, ಎಡಬಲದಲ್ಲಿ ತಲಾ 39 ಪಿಕ್ಸೆಲ್ ಮತ್ತೆ ಕಪ್ಪು. ನಾಲ್ಕೂ ಕಡೆ ಕಪ್ಪು ಹೊದ್ದು ಚಿತ್ರ ನಡುವಿನಲ್ಲಿ ಅಂಚೆಚೀಟಿಯ ಹಾಗೆ ಕೂತುಕೊಳ್ತದೆ. ದೊಡ್ಡ ಪರದೆ ಬಾಡಿಗೆಗೆ ಹಿಡಿದು ಅದರ ಕಾಲು ಭಾಗಕ್ಕಿಂತ ಹೆಚ್ಚು ಖಾಲಿ ಬಿಟ್ಟ ಹಾಗೆ. ಪಟ್ಟಿ ತೆಗೆದುಹಾಕಿ, ಟೈಮ್‌ಲೈನನ್ನೇ 2048×858 ಮಾಡಿ, ಕ್ಯಾಮರಾದ ಒರಿಜಿನಲ್ 4ಕೆ ಇದ್ದರೆ ಅದನ್ನೇ ಮತ್ತೆ ಲಿಂಕ್ ಮಾಡಿ. ಪಟ್ಟಿ ತೆಗೆದಾಗ ಬೂಮ್ ಮೈಕ್ ಇಣುಕ್ತದಾ ಅಂತ ಹೆದರಬೇಡಿ, 858 ಸಾಲಿನ ಚೌಕಟ್ಟು ಅದನ್ನು ಹೊರಗೇ ಇಡ್ತದೆ.

ಎಡಿಟಿಂಗ್ ಸಾಫ್ಟ್‌ವೇರಿನಿಂದ ಹೊರಗೆ ತೆಗೆಯುವುದು ಪ್ರೊರೆಸ್ 422 ಎಚ್‌ಕ್ಯು ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯುಎಕ್ಸ್, 10 ಬಿಟ್, ಬಣ್ಣ ರೆಕ್ 709 (ಎಚ್‌ಡಿ ಟಿವಿಯ ಬಣ್ಣದ ಮಾನ). ಸಿನೆಮಾ ಬಣ್ಣಕ್ಕೆ ಬದಲಾಯಿಸುವ ಕೆಲಸ ಡಿಸಿಪಿ-ಒ-ಮ್ಯಾಟಿಕ್ ಮಾಡ್ತದೆ. ನೀವು ಎಡಿಟ್‌ನಲ್ಲೂ ಒಮ್ಮೆ ಮಾಡಿ ಅಲ್ಲೂ ಮಾಡಿದರೆ ಮುಖಗಳು ವೇಷ ಕಟ್ಟದೆಯೇ ಬಣ್ಣ ಹಚ್ಚಿದ ಹಾಗೆ ಕಾಣ್ತವೆ. ಕಪ್ಪು ಕಪ್ಪಾಗಿರದೆ ಬೂದಿ ಬೂದಿ ಕಂಡರೆ ಅದು ಫುಲ್ ರೇಂಜ್, ವಿಡಿಯೊ ರೇಂಜ್ ಅದಲುಬದಲಾದದ್ದು.

ರಾತ್ರಿ ಆಟದ ದೃಶ್ಯಗಳ ವಿಷಯದಲ್ಲಿ ಜಾಗ್ರತೆ. ಸಿನೆಮಾ ಪರದೆಯ ಬಿಳಿ ಅಂದರೆ 48 ನಿಟ್, ಅಂದರೆ 14 ಫೂಟ್-ಲ್ಯಾಂಬರ್ಟ್. ಅದೂ ಲ್ಯಾಂಪ್ ಹೊಸದಿದ್ದರೆ. ಮಕ್ಕಳು ಗ್ರೇಡ್ ಮಾಡಿದ (ಬಣ್ಣ-ಬೆಳಕು ಹೊಂದಿಸಿದ) ಲ್ಯಾಪ್‌ಟಾಪ್ ಪರದೆ ಅದರ ಐದಾರು ಪಟ್ಟು ಬೆಳಕು ಕೊಡ್ತದೆ. ಕಿಟಕಿ ತೆರೆದ ಕೋಣೆಯಲ್ಲಿ ಚಂದ ಕಂಡ ಚೌಕಿಯ (ವೇಷ ಕಟ್ಟುವ ಜಾಗದ) ದೃಶ್ಯ ಥಿಯೇಟರಿನಲ್ಲಿ ಬರೀ ಕಿರೀಟದ ಮಿಂಚು, ಕೆಳಗೆ ಕತ್ತಲೆ. ರಾತ್ರಿ ಕೋಣೆ ಕತ್ತಲೆ ಮಾಡಿ, ಪರದೆಯ ಬೆಳಕು ಚೆನ್ನಾಗಿ ಇಳಿಸಿ ಮತ್ತೊಮ್ಮೆ ನೋಡಿ. ಮುಖದ ಬಣ್ಣಗಾರಿಕೆಯ ಗೆರೆ ಕಾಣುವುದಿಲ್ಲ ಅಂತಾದರೆ ಕಪ್ಪನ್ನು ಎತ್ತಬೇಡಿ, ಮಧ್ಯದ ಬೆಳಕನ್ನು ಮಾತ್ರ ಸ್ವಲ್ಪ ಎತ್ತಿ. ಕಪ್ಪು ಎತ್ತಿದರೆ ಮಿರರ್‌ಲೆಸ್‌ನ ನೋಯ್ಸ್ ಎಲ್ಲ ಎದ್ದು ಕುಣೀತದೆ.

ಮೊಬೈಲಿನ ಶಾಟ್‌ಗಳು ವೇರಿಯಬಲ್ ಫ್ರೇಮ್‌ರೇಟ್, ಅಂದರೆ ಸೆಕೆಂಡಿನ ಫ್ರೇಮ್ ಲೆಕ್ಕ ಏರಿಳೀತದೆ. ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಮಾಡಿ ತಂದುಕೊಳ್ಳಿ, ಇಲ್ಲದಿದ್ದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. 30 ಎಫ್‌ಪಿಎಸ್‌ನದ್ದು ಮಾತಿಲ್ಲದ ಶಾಟ್ ಆದರೆ 25ಕ್ಕೆ ನಿಧಾನ ಮಾಡುವುದೇ ಒಳ್ಳೆಯದು, ಜರ್ಕ್ ಇರುವುದಿಲ್ಲ.

ಅಡ್ಕದ ರೇಡಿಯೊ

ಇಷ್ಟೆಲ್ಲ ಯಾಕೆ? ಪ್ರೊಜೆಕ್ಟರಿಗೆ ಎಚ್‌ಡಿಎಂಐ ಇರ್ತದಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿ ಪ್ಲೇ ಮಾಡಿದರೆ ಆಯ್ತು.

ಬೂತ್ ಕಿಟಕಿ

ಇರ್ತದೆ, ಸಭೆ-ಸಮಾರಂಭಕ್ಕೆ ಉಪಯೋಗಿಸ್ತಾರೆ ಕೂಡ. ಆದರೆ ಚಿತ್ರ ಪ್ರೊಜೆಕ್ಟರಿಗೆ, ಸೌಂಡ್ ಬೇರೆ ದಾರಿಯಲ್ಲಿ ಪ್ರೊಸೆಸರಿಗೆ. ಎರಡರ ನಡುವೆ ಎಷ್ಟು ತಡ ಆಗ್ತದೆ ಅನ್ನುವುದನ್ನು ಅಲ್ಲೇ ನಿಂತು ಹೊಂದಿಸಬೇಕು. ಒಂದು ಫ್ರೇಮ್ ಅಂದರೆ 41.67 ಮಿಲಿಸೆಕೆಂಡ್, ಎರಡು ಫ್ರೇಮ್ ಸೌಂಡ್ ಮುಂದೆ ಹೋದರೂ ಚೆಂಡೆಯ ಕೋಲು ಬೀಳುವ ಮೊದಲೇ ಪೆಟ್ಟು ಕೇಳ್ತದೆ. ಮಾತಿನಲ್ಲಿ ಜನ ಕ್ಷಮಿಸ್ತಾರೆ, ಚೆಂಡೆಯಲ್ಲಿ ಇಲ್ಲ. ಹಾಗಾಗಿ ಎಚ್‌ಡಿಎಂಐ ಇರಲಿ, ಎರಡನೇ ದಾರಿಯಾಗಿ. ಡಿಸಿಪಿ ಕೈಕೊಟ್ಟರೆ ಉಪಯೋಗಕ್ಕೆ ಬರ್ತದೆ, ಒಂದು ಎಂಪಿ4 ಕೂಡ ಜೊತೆಗೆ ಇಟ್ಟುಕೊಳ್ಳಿ. ಶಾಲೆಗಳಿಗೂ ಅದೇ ಸಾಕು: 1080ಪಿ, ಎಚ್.264, 15ರಿಂದ 20 ಮೆಗಾಬಿಟ್.

ಶ್ರುತಿಪೆಟ್ಟಿಗೆ

25 ಫ್ರೇಮಿನ ವಿಷಯ ಯಾರೂ ಪೂರ್ತಿ ಹೇಳಲಿಲ್ಲ, ಯಕ್ಷಗಾನದ ಚಿತ್ರಕ್ಕೆ ಅದೇ ಮುಖ್ಯ.

ಡಿಸಿಪಿಯ ಸಹಜ ವೇಗ 24. ನಿಮ್ಮ 25ರ ಚಿತ್ರವನ್ನು 24ರ ಡಿಸಿಪಿಯಲ್ಲಿ ಹಾಕಿದರೆ ಡಿಸಿಪಿ-ಒ-ಮ್ಯಾಟಿಕ್ ಇಡೀ ಚಿತ್ರವನ್ನು ಶೇಕಡಾ 4ರಷ್ಟು ನಿಧಾನ ಮಾಡ್ತದೆ, ಸೌಂಡನ್ನೂ ಜೊತೆಗೆ ಎಳೀತದೆ. 38 ನಿಮಿಷ ಇದ್ದದ್ದು 39 ನಿಮಿಷ 35 ಸೆಕೆಂಡ್ ಆಗ್ತದೆ. ಕಾಲ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಶ್ರುತಿ ಅರ್ಧಸ್ವರದ (ಸೆಮಿಟೋನ್) ಸುಮಾರು ಮುಕ್ಕಾಲು ಪಾಲಿನಷ್ಟು, ಅಂದರೆ ಹಾರ್ಮೋನಿಯಂನ ಪಕ್ಕದ ಮನೆಗೆ ಹತ್ತಿರ ಹತ್ತಿರ, ಕೆಳಗಿಳೀತದೆ. ಭಾಗವತರನ್ನು ದಿನಾ ಕೇಳುವವರು ಕೂತಿರುವ ಹಾಲ್‌ನಲ್ಲಿ "ಇವತ್ತು ಸ್ವರ ಭಾರ ಉಂಟು" ಅಂತ ಒಬ್ಬರಾದರೂ ಹೇಳ್ತಾರೆ.

ಹಾಗಾದರೆ ಶ್ರುತಿ ಬದಲಾಗದ ಹಾಗೆ ಟೈಮ್-ಸ್ಟ್ರೆಚ್ ಮಾಡುವ ಅಂದರೆ ಚೆಂಡೆ ಕೆಡ್ತದೆ. ಸ್ಟ್ರೆಚ್ ಮಾಡುವ ಲೆಕ್ಕ ಸೌಂಡನ್ನು ತುಂಡು ಮಾಡಿ ಒಂದರ ಮೇಲೊಂದು ಹೊಂದಿಸುವುದು. ಮಾತಿಗೆ, ರಾಗಕ್ಕೆ ಅದು ನಡೀತದೆ, ಆದರೆ ಚೆಂಡೆಯ ಉರುಳಿಕೆಯಲ್ಲಿ ಪ್ರತಿ ಪೆಟ್ಟಿನ ತುದಿ ಮೊಂಡಾಗ್ತದೆ, ಕೆಲವು ಕಡೆ ಒಂದು ಪೆಟ್ಟು ಎರಡಾಗಿ ಕೇಳ್ತದೆ. ನನ್ನ ಅಭಿಪ್ರಾಯ: ಮಾತಿನ ಟ್ರ್ಯಾಕುಗಳನ್ನು ಮಾತ್ರ ಸ್ಟ್ರೆಚ್ ಮಾಡಿ. ಹಾಡು-ಹಿಮ್ಮೇಳದ ಟ್ರ್ಯಾಕ್ ಸುಮ್ಮನೆ ನಿಧಾನವಾಗಲಿ. ಭಾಗವತರು, ಶ್ರುತಿ, ಮದ್ದಳೆ ಎಲ್ಲ ಒಟ್ಟಿಗೇ ಇಳಿಯುವುದರಿಂದ ಒಳಗೊಳಗೆ ಅಪಶ್ರುತಿ ಬರುವುದಿಲ್ಲ. ಇಲ್ಲ, ಶ್ರುತಿಯೂ ಬಿಡ್ಲಿಕ್ಕಿಲ್ಲ ಅಂತಾದರೆ 25 ಫ್ರೇಮಿನ ಎಸ್‌ಎಂಪಿಟಿಇ ಡಿಸಿಪಿಯೇ ಮಾಡಿ. ಈಚಿನ ಸರ್ವರುಗಳಲ್ಲಿ ಓಡ್ತದೆ, ಹಳೆಯ ಇಂಟರ್‌ಆಪ್ ಬಗೆಯ ಡಿಸಿಪಿಯಲ್ಲಿ 25ಕ್ಕೆ ಜಾಗ ಇಲ್ಲ. ಬೂತ್ ಕಿಟಕಿಯವರು ಮೊದಲೇ ಕೇಳಿ ಅಂದದ್ದು ಇದಕ್ಕೇ.

ಇನ್ನು ಸ್ಟೀರಿಯೊ. ಅದನ್ನು ಹಾಗೆಯೇ ಕೊಟ್ಟರೆ ಎಡ-ಬಲ ಸ್ಪೀಕರಿನಲ್ಲಿ ಮಾತ್ರ ಬರ್ತದೆ. ನಡುವಿನ ಸೀಟಿನವರಿಗೆ ಮಾತು ಪರದೆಯ ನಡುವಿನಿಂದ ಬಂದ ಹಾಗೆ ಕೇಳ್ತದೆ, ಬಲ ಗೋಡೆಯ ಪಕ್ಕ ಕೂತವರಿಗೆ ಎಲ್ಲರೂ ಬಲ ಸ್ಪೀಕರಿನ ಒಳಗಿಂದಲೇ ಮಾತಾಡ್ತಾರೆ. ಮಾತಿನ ಟ್ರ್ಯಾಕನ್ನು ಸೆಂಟರಿಗೆ ಹಾಕಿ, ಹಿಮ್ಮೇಳ ಎಡ-ಬಲಕ್ಕೆ, ಬಯಲಿನ ಗದ್ದಲ ಸ್ವಲ್ಪ ಸರೌಂಡಿಗೆ. ಎಲ್‌ಎಫ್‌ಇ (ತಗ್ಗಿನ ಗುಡುಗು ಶಬ್ದದ ಚಾನೆಲ್) ಖಾಲಿ ಇರಲಿ, ಮದ್ದಳೆಗೆ ಅದು ಬೇಕಾಗಿಲ್ಲ. ಚಾನೆಲಿನ ಕ್ರಮ ಎಡ, ಬಲ, ಸೆಂಟರ್, ಎಲ್‌ಎಫ್‌ಇ, ಎಡ ಸರೌಂಡ್, ಬಲ ಸರೌಂಡ್. ಕೆಲವು ಸಾಫ್ಟ್‌ವೇರ್ ಸೆಂಟರನ್ನು ಎರಡನೆಯದಾಗಿ ಕೊಡ್ತವೆ, ಆಗ ಮಾತೆಲ್ಲ ಬಲಕ್ಕೆ ಹೋಗ್ತದೆ. 48 ಕಿಲೊಹರ್ಟ್ಸ್, 24 ಬಿಟ್ ವೇವ್. ಮಿಕ್ಸಿನ ಬಿಡಿ ಟ್ರ್ಯಾಕ್ ಮಕ್ಕಳ ಹತ್ತಿರ ಇಲ್ಲ ಅಂತಾದರೆ ಡಿಸಿಪಿ-ಒ-ಮ್ಯಾಟಿಕ್‌ನ ಮಿಡ್-ಸೈಡ್ ಡಿಕೋಡರ್ ಹಾಕಿ. ಅಷ್ಟು ಚಂದ ಆಗುವುದಿಲ್ಲ, ಆದರೆ ಮಾತು ನಡುವಿಗೆ ಬರ್ತದೆ.

ಲೆವೆಲ್: ಯೂಟ್ಯೂಬಿಗೆ ಅಂತ -14 ಎಲ್‌ಯುಎಫ್‌ಎಸ್‌ಗೆ (ಶಬ್ದದ ಸರಾಸರಿ ಜೋರಿನ ಅಳತೆ) ಒತ್ತಿ ಮಾಡಿದ ಸೌಂಡ್ ಥಿಯೇಟರಿನಲ್ಲಿ ಕಿವಿ ಹರೀತದೆ. ಆಪರೇಟರ್ ಫೇಡರನ್ನು 7ರಿಂದ 4ಕ್ಕೆ ಇಳಿಸ್ತಾರೆ, ಆಗ ಮೆಲ್ಲಗೆ ಆಡಿದ ಮಾತು ಫ್ಯಾನಿನ ಶಬ್ದದಲ್ಲಿ ಮುಳುಗ್ತದೆ. ಮಾತಿನ ಸರಾಸರಿ -27 ಎಲ್‌ಯುಎಫ್‌ಎಸ್ ಆಸುಪಾಸು ಇಡಿ, ಚೆಂಡೆಗೆ ಮೇಲೆ ಏರ್ಲಿಕ್ಕೆ ಜಾಗ ಬಿಡಿ. ಕಂಪ್ರೆಸರ್ ಹಾಕಿ ಚೆಂಡೆಯನ್ನು ತಗ್ಗಿಸಿದರೆ ತಗಡಿನ ಡಬ್ಬ ಬಡಿದ ಹಾಗೆ ಆಗ್ತದೆ, ನಾಚಿಕೆಯ ವಿಷಯ.

ಮುಳ್ಳೇರಿಯ ಮಾಷ್ಟ್ರು

ತುಂಬ ಉಪಕಾರ ಆಯ್ತು. ಬಿಡಿ ಟ್ರ್ಯಾಕ್‌ಗಳು ಉಂಟು ಅಂತ ಮಕ್ಕಳು ಹೇಳಿದರು. ಮಲಯಾಳ ಸಬ್‌ಟೈಟಲಿನ ಫೈಲ್ ಎಸ್‌ಆರ್‌ಟಿ ರೂಪದಲ್ಲಿ ತಯಾರುಂಟು. ಒಂದು ಕಡೆ ಪ್ರಯತ್ನ ಮಾಡುವಾಗ ಅಕ್ಷರಗಳು ಹಿಂದೆಮುಂದೆ ಆಗಿ ಬಂತು. ಅದನ್ನು ಡಿಸಿಪಿಯ ಒಳಗೆ ಬೇರೆ ಪದರವಾಗಿ ಇಡುವುದಾ, ಚಿತ್ರದ ಮೇಲೇ ಅಚ್ಚು ಹಾಕುವುದಾ?

ಪೆರ್ಲ ಟೈಮ್‌ಲೈನ್

ಅಚ್ಚು ಹಾಕಿ ಮಾಷ್ಟ್ರೇ, ಬರ್ನ್-ಇನ್. ಬೇರೆ ಪದರವಾಗಿ ಕೊಟ್ಟರೆ ಅಕ್ಷರ ಬಿಡಿಸುವ ಕೆಲಸ ಥಿಯೇಟರಿನ ಸರ್ವರ್ ಅಥವಾ ಪ್ರೊಜೆಕ್ಟರಿನದ್ದು. ಇಂಗ್ಲಿಷಿಗೆ ಅದು ಸಾಕು. ನಮ್ಮ ಲಿಪಿಗಳಲ್ಲಿ ಅಕ್ಷರಗಳನ್ನು ಸೇರಿಸುವ, ಜಾಗ ಬದಲಿಸುವ ಕೆಲಸ ಉಂಟಲ್ಲ, ಅದು ಎಲ್ಲ ಯಂತ್ರಕ್ಕೂ ಬರುವುದಿಲ್ಲ. ಕನ್ನಡದಲ್ಲಿ "ಅಗ್ನಿ" ಅಂತ ಇರಬೇಕಾದದ್ದು "ಅಗ್‌ನಿ" ಅಂತ ಬರ್ತದೆ. ಮಲಯಾಳದಲ್ಲಿ ಎ-ಕಾರ, ಏ-ಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಬರಬೇಕು, ಯಂತ್ರ ಅದನ್ನು ಬಲಕ್ಕೆ ಇಡ್ತದೆ. ನಿಮಗೆ ಹಿಂದೆಮುಂದೆ ಕಂಡದ್ದು ಇದೇ ಇರಬೇಕು. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಹೀಗಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಪುಟದಲ್ಲಿ ಟೆಕ್ಸ್ಟ್ ಎಂಜಿನ್ ಸೌತ್ ಏಷ್ಯನ್ ಅಂತ ಇರುವುದಕ್ಕೆ ಬದಲಾಯಿಸಿ. ಡಿಸಿಪಿ-ಒ-ಮ್ಯಾಟಿಕ್‌ನಲ್ಲೇ ಎಸ್‌ಆರ್‌ಟಿ ಹಾಕಿ ಬರ್ನ್ ಅಂತ ಟಿಕ್ ಮಾಡಿದರೆ ಅಕ್ಷರ ಸರಿ ಕೂತುಕೊಳ್ತದೆ, ನನಗೆ ಆ ದಾರಿಯೇ ಇಷ್ಟ.

ಫೈಲ್ ಯುಟಿಎಫ್-8 ಯುನಿಕೋಡ್ ಆಗಿರಬೇಕು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರೆ ಹಳೆಯ ಫಾಂಟಿನ ಸಂಕೇತದಲ್ಲಿ ಇರುವ ಸಾಧ್ಯತೆ ಉಂಟು. ನೋಟ್‌ಪ್ಯಾಡಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಂಡರೆ ಅದೇ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರ ಸೇರದ ವ್ಯಂಜನ) 2008ರ ಯುನಿಕೋಡ್ 5.1ರಲ್ಲಿ ಬೇರೆಯೇ ಸಂಕೇತ ಬಂತು. ಅದಕ್ಕಿಂತ ಹಳೆಯ ಫಾಂಟ್ ಹಾಕಿದರೆ ಪದದ ಕೊನೆಯಲ್ಲಿ ಚೌಕ ಬೀಳ್ತದೆ. ಮಂಜರಿ ಅಥವಾ ನೋಟೊ ಸಾನ್ಸ್ ಮಲಯಾಳಂ ಹಾಕಿ. ತೆಳು ಅಕ್ಷರ ಬೇಡ, ಸಣ್ಣ ಕಪ್ಪು ಅಂಚು ಇರಲಿ, ಬಣ್ಣ ಪೂರ್ತಿ ಬಿಳಿ ಬೇಡ, ಸ್ವಲ್ಪ ಬೂದು. ಕತ್ತಲೆ ದೃಶ್ಯದಲ್ಲಿ ಅಚ್ಚ ಬಿಳಿ ಅಕ್ಷರ ಕಣ್ಣಿಗೆ ಹೊಡೀತದೆ, ಅದರ ಹಿಂದೆ ಇರುವ ಮುಖ ಯಾರಿಗೂ ಕಾಣುವುದಿಲ್ಲ.

ಸಾಲು ಎರಡಕ್ಕಿಂತ ಹೆಚ್ಚು ಬೇಡ. ಮಲಯಾಳದಲ್ಲಿ ಪದಗಳು ಸಂಧಿಯಾಗಿ ಉದ್ದವಾಗ್ತವೆ, ಕನ್ನಡದ ಮಾತನ್ನು ಪದಕ್ಕೆ ಪದ ಇಳಿಸಿದರೆ ಸಾಲು ಹೊರಗೆ ಹೋಗ್ತದೆ. ಅರ್ಥಗಾರಿಕೆಯ ಭಾಗದಲ್ಲಂತೂ ಸಾರ ಮಾತ್ರ ಕೊಡಿ. ಪ್ರಸಂಗದ ಪದ್ಯಕ್ಕೆ ಸಬ್‌ಟೈಟಲೇ ಬೇಡ ಅಂತ ನನ್ನ ವಾದ, ಆ ಹೊತ್ತಿಗೆ ಜನ ಕುಣಿತ ನೋಡಲಿ.

ಆರ್ಕ್ ದೀಪ

ಪದ್ಯಕ್ಕೂ ಒಂದು ಸಾಲು ಕೊಡಬೇಕು ಅಂತ ನನ್ನ ಮತ. ಯಾವ ಪ್ರಸಂಗ ಅಂತ ಗೊತ್ತಿಲ್ಲದವನಿಗೆ ಕುಣಿತ ಎಷ್ಟು ಹೊತ್ತು ನೋಡ್ಲಿಕ್ಕಾಗ್ತದೆ? ಅದಿರಲಿ.

ಇದೇ ಚಿತ್ರ 35 ಎಂಎಂ ಕಾಲದಲ್ಲಾದರೆ ಏನಾಗ್ತಿತ್ತು ಅಂತ ಲೆಕ್ಕ ಹಾಕಿ. ನಿಮಿಷಕ್ಕೆ 90 ಅಡಿ, 38 ನಿಮಿಷಕ್ಕೆ 3,420 ಅಡಿ, 2,000 ಅಡಿಯ ಎರಡು ರೀಲು. ನೆಗೆಟಿವ್, ಸೌಂಡ್ ನೆಗೆಟಿವ್, ಪ್ರಿಂಟ್ ಎಲ್ಲಕ್ಕೂ ಚೆನ್ನೈ ಲ್ಯಾಬಿಗೆ ಹೋಗಬೇಕು. ಯುವಕ ಮಂಡಲದ ಕೈಗೆ ಎಟಕುವ ವಿಷಯವೇ ಅಲ್ಲ. ಆದರೆ ಆ ಲ್ಯಾಬಿನಲ್ಲಿ ಬಣ್ಣ ನೋಡುವವನು ಒಬ್ಬ, ಸೌಂಡ್ ನೋಡುವವನು ಒಬ್ಬ ಇದ್ದ. ಫಿಲ್ಮಿನಲ್ಲಿ ಸೌಂಡ್ ಪಟ್ಟಿ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಅಚ್ಚಾಗ್ತಿತ್ತು. ಅದು ತಪ್ಪದ ಹಾಗೆ ಲ್ಯಾಬೇ ನೋಡಿಕೊಳ್ತಿತ್ತು, ಬೂತಿನಲ್ಲಿ ಫಿಲ್ಮಿನ ಲೂಪ್ (ಸಡಿಲ ಬಾಗು) ಸರಿ ಬಿಟ್ಟರೆ ಸಾಕು. 2005ರಲ್ಲಿ ಡಿಸಿಐ (ಹಾಲಿವುಡ್ ಸ್ಟುಡಿಯೊಗಳ ಡಿಜಿಟಲ್ ಸಿನೆಮಾ ಕೂಟ) ನಿಯಮ ಬಂತು, 2011ರ ಹೊತ್ತಿಗೆ ಆರಿ, ಪ್ಯಾನಾವಿಷನ್, ಆಟನ್ ಫಿಲ್ಮ್ ಕ್ಯಾಮರಾ ಮಾಡುವುದನ್ನೇ ನಿಲ್ಲಿಸಿದವು, 2013ರಲ್ಲಿ ಫ್ಯೂಜಿ ಸಿನೆಮಾ ಫಿಲ್ಮನ್ನೂ. ಖರ್ಚು ಹೋಯ್ತು, ಸರಿ. ಲ್ಯಾಬಿನ ಆ ಇಬ್ಬರ ಕೆಲಸವೂ ಈಗ ಎಡಿಟ್ ಮಾಡುವ ಹುಡುಗನ ತಲೆ ಮೇಲೆ. ಮೇಲೆ ಎಲ್ಲರೂ ಬರೆದ ತಪ್ಪುಗಳು ಅಲ್ಲಿಂದಲೇ ಹುಟ್ಟುವುದು. ಅದಕ್ಕೆ ಇಡೀ ಚಿತ್ರ ಎನ್‌ಕೋಡ್ ಮಾಡುವ ಮೊದಲು 3 ನಿಮಿಷದ ಪರೀಕ್ಷಾ ಡಿಸಿಪಿ ಮಾಡಿ: ಅತಿ ಕತ್ತಲೆಯ ಒಂದು ದೃಶ್ಯ, ಹಗಲಿನ ಒಂದು, ಚೆಂಡೆ ಜೋರಾಗಿರುವ ಒಂದು, ಸಬ್‌ಟೈಟಲ್ ಉದ್ದ ಇರುವ ಒಂದು. ಅದನ್ನು ಅದೇ ಥಿಯೇಟರಿನಲ್ಲಿ ಓಡಿಸಿ ನೋಡಿ. ಒಬ್ಬರು ಬಲ ಗೋಡೆಯ ಪಕ್ಕ ಕೂರಲಿ, ಒಬ್ಬರು ಕೊನೆಯ ಸಾಲಿನಲ್ಲಿ.

ಇನ್ನೊಂದು, ಸೆನ್ಸಾರ್. ಟಿಕೆಟ್ ಇಲ್ಲದಿದ್ದರೂ ಥಿಯೇಟರಿನಲ್ಲಿ ತೋರಿಸುವುದು ಸಾರ್ವಜನಿಕ ಪ್ರದರ್ಶನವೇ, 1952ರ ಸಿನೆಮಾಟೋಗ್ರಾಫ್ ಕಾಯ್ದೆ ಪ್ರಕಾರ ಪ್ರಮಾಣಪತ್ರ ಬೇಕು. ಅರ್ಜಿ ಇ-ಸಿನೆಪ್ರಮಾಣ್ ಪೋರ್ಟಲಿನಲ್ಲಿ; ಬೆಂಗಳೂರು, ತಿರುವನಂತಪುರ ಎರಡು ಕಡೆಯೂ ಪ್ರಾದೇಶಿಕ ಕಚೇರಿ ಉಂಟು. ಚೌಕಿಯಲ್ಲಿ ಯಾರಾದರೂ ಬೀಡಿ ಸೇದುವ ಶಾಟ್ ಇದ್ದರೆ ತಂಬಾಕಿನ ಎಚ್ಚರಿಕೆ ಹಾಕಬೇಕು, ಕೋಳಿ-ದನ ನಟಿಸಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳ್ತಾರೆ. ಸಬ್‌ಟೈಟಲ್ ಮುಗಿಸಿಯೇ ಅರ್ಜಿ ಹಾಕಿ, ಆಮೇಲೆ ಬದಲಾವಣೆ ಮಾಡಿದರೆ ಮತ್ತೆ ಅವರಿಗೆ ತಿಳಿಸುವ ಕೆಲಸ. ಪ್ರಮಾಣಪತ್ರದ ಕಾರ್ಡ್ ಚಿತ್ರದ ಮೊದಲಲ್ಲಿ ಬರಬೇಕು, ಹಾಗಾಗಿ ಕೊನೆಯ ಡಿಸಿಪಿ ಅದು ಕೈಗೆ ಬಂದ ಮೇಲೆ. ಶೋ ತಾರೀಕು ಅದಕ್ಕಿಂತ ಮೊದಲು ಅಚ್ಚು ಹಾಕಿಸಬೇಡಿ.

ಮುಳ್ಳೇರಿಯ ಮಾಷ್ಟ್ರು

ಪರೀಕ್ಷೆಯ ಡಿಸಿಪಿ ಮೊದಲು ಮಾಡುವುದು ಅಂತ ಮಕ್ಕಳಿಗೆ ಹೇಳಿದ್ದೇನೆ. ಡ್ರೈವನ್ನು ಥಿಯೇಟರಿಗೆ ಯಾವಾಗ ಕೊಡಬೇಕು? ಶೋ ದಿನ ಬೆಳಗ್ಗೆ ಬೇಗ ಹೋದರೆ ಆದೀತಾ?

ಬೂತ್ ಕಿಟಕಿ

ಬೇಡ. ಯುಎಸ್‌ಬಿ 2 ಪೋರ್ಟ್ ಆದರೆ 43 ಜಿಬಿ ಏರ್ಲಿಕ್ಕೆ 25 ನಿಮಿಷ, ಆಮೇಲೆ ಹ್ಯಾಶ್ ಪರೀಕ್ಷೆ, ನಡುವೆ ತಪ್ಪಾದರೆ ಮತ್ತೆ ಮೊದಲಿನಿಂದ. ಎರಡು ದಿನ ಮೊದಲು, ಕೊನೆಯ ಆಟ ಮುಗಿದ ಮೇಲೆ ಹೋಗಿ. ಅದಕ್ಕಿಂತ ಮೊದಲು ಮನೆಯಲ್ಲಿ ಡಿಸಿಪಿ-ಒ-ಮ್ಯಾಟಿಕ್‌ನ ವೆರಿಫೈಯರಿನಲ್ಲಿ ಒಮ್ಮೆ ಹಾಕಿ ನೋಡಿ, ಕೆಂಪು ಅಕ್ಷರದಲ್ಲಿ ಬಂದದ್ದನ್ನು ಸರಿ ಮಾಡಿ. ಚಿತ್ರದ ಮೊದಲಿಗೆ 5 ಸೆಕೆಂಡ್ ಕಪ್ಪು ಇರಲಿ, ಹಾಲಿನ ದೀಪ ಆರುವ ಹೊತ್ತಿಗೆ ಮೊದಲ ಮಾತು ಹೋಗಬಾರದಲ್ಲ. ಒಂದೇ ಡಿಸಿಪಿಯನ್ನು ಎರಡು ಬೇರೆ ಬೇರೆ ಕಂಪನಿಯ ಪೆನ್‌ಡ್ರೈವಿನಲ್ಲಿ ಬರೆದು ತನ್ನಿ. ಮತ್ತೆ, ಮಧ್ಯಂತರ ಬೇಡ ಅಂತ ಆಪರೇಟರಿಗೆ ಬಾಯಲ್ಲೇ ಹೇಳಿ, 38 ನಿಮಿಷದ ಚಿತ್ರಕ್ಕೂ ನಡುವಿನಲ್ಲಿ ಲೈಟ್ ಹಾಕುವವರು ಇದ್ದಾರೆ.